ರೌಟರ್ ಮೇಲಿನ ಬೆಂಕಿಪೊಟ್ಟಣ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಸಾಗರದ ಸುತ್ತಮುತ್ತಲಿಂದ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು.

ನಮ್ಮಮ್ಮ ಮಳೆಗಾಲ ಶುರುವಾಯಿತು ಅಂದರೆ ಬೆಂಕಿಪೊಟ್ಟಣವನ್ನು ವೈಫೈ ರೌಟರ್ ಮೇಲೆ ಇಡುತ್ತಾಳೆ. ಬೇರೆ ಎಲ್ಲಿಟ್ಟರೂ ಕಡ್ಡಿ ಥಂಡಿ ಹಿಡಿಯುತ್ತದೆ, ಅಲ್ಲಿಟ್ಟದ್ದು ಗೀರಿದ ಕೂಡಲೇ ಹತ್ತುತ್ತದೆ. ಒಂದು ದಿನ ಬೆಳಗಿನ ಜಾವ ಮುಟ್ಟಿ ನೋಡಿದೆ. ರಾತ್ರಿಯಿಡೀ ಯಾರೂ ನೆಟ್ ಬಳಸಿಲ್ಲ, ಆದರೂ ಪೊಟ್ಟಣ ಬೆಚ್ಚಗಿತ್ತು. ಆ ಬಿಸಿಯೆಲ್ಲ ಕರೆಂಟೇ ಅಲ್ವಾ?

ಕೆಲಸ ಇರಲಿ ಬಿಡಲಿ, ಈ ರೌಟರ್‌ಗಳು ಹೆಚ್ಚುಕಮ್ಮಿ ಒಂದೇ ಸಮನೆ ಕರೆಂಟ್ ಎಳೆಯುತ್ತವೆ. 10 ವ್ಯಾಟ್‌ನದು ವರ್ಷವಿಡೀ ಉರಿದರೆ ಸುಮಾರು 88 ಯೂನಿಟ್. ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಊರು ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಈ ಸೀಮೆಯಲ್ಲಿದ್ದಾರೆ, ಒಂದು ಯೂನಿಟ್ಟಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ರಾತ್ರಿ ಆಫ್ ಮಾಡಿ ಮಲಗಿ ಅಂತ ಪೇಟೆಯವರು ಸುಲಭವಾಗಿ ಹೇಳುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗೆ ಮೊಬೈಲ್ ಸಿಗ್ನಲ್ಲೇ ಇಲ್ಲ, ಫೋನ್ ಬರುವುದೇ ವೈಫೈ ಕಾಲಿಂಗ್‌ನಲ್ಲಿ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ? ಹಾಗಾಗಿ ನಾನು ಆಫ್ ಮಾಡಿ ಅನ್ನುವುದಿಲ್ಲ. ನಿದ್ದೆ ಮಾಡುವುದನ್ನು ಯಂತ್ರವೇ ಕಲಿಯಬೇಕು.

ಕಲಿತಿದೆ ಕೂಡ. ಹಲವು ಕಂಪ್ಯೂಟರ್‌ಗಳನ್ನು ಕೇಬಲ್‌ನಲ್ಲಿ ಜೋಡಿಸುವ ಪೆಟ್ಟಿಗೆಗೆ ನೆಟ್‌ವರ್ಕ್ ಸ್ವಿಚ್ ಅನ್ನುತ್ತಾರೆ. ಹಳೇ ಗಿಗಾಬಿಟ್ ಸ್ವಿಚ್‌ನಲ್ಲಿ ಡೇಟಾ ಇಲ್ಲದಿದ್ದರೂ ಕೇಬಲ್‌ನ ಎರಡೂ ತುದಿಯವು ಸಿಗ್ನಲ್ ಕಳಿಸುತ್ತಲೇ ಇರುತ್ತವೆ. ಗುಡ್ಡದ ಆಚೆ ಒಬ್ಬ, ಈಚೆ ಒಬ್ಬ ನಿಂತು, ಹೇಳುವ ಮಾತೇನೂ ಇಲ್ಲದೆ ಬೆಳಗಿಂದ ಸಂಜೆ ತನಕ ಸುಮ್ನೆ ಕೂಗು ಹಾಕುತ್ತಾ ಇದ್ದ ಹಾಗೆ. 2010ರಲ್ಲಿ ಇಂಥ ಕೇಬಲ್‌ಗಳಲ್ಲಿ ಕರೆಂಟ್ ಉಳಿಸಲು 802.3ಎಝಡ್ ಅನ್ನುವ ಮಾನದಂಡ ಬಂತು. ಅದರಲ್ಲಿ ಮಾತಿಲ್ಲದಾಗ ಇಬ್ಬರೂ ಸುಮ್ಮನಾಗುತ್ತಾರೆ, ನಡುನಡುವೆ 'ಇದ್ದೀನಿ' ಅಂತ ಒಂದು ಕೂಗು, ಅಷ್ಟೇ. ಡೇಟಾ ಬಂದರೆ ಗಿಗಾಬಿಟ್ ಕೇಬಲ್ ಏಳಲು ಸುಮಾರು 16 ಮೈಕ್ರೋಸೆಕೆಂಡ್ ಸಾಕು, ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಎರಡೂ ತುದಿಯಲ್ಲಿ ಈ ಸೌಲಭ್ಯ ಇರಬೇಕು. ಸೊಸೈಟಿಗೋ ಶಾಲೆಗೋ ಸ್ವಿಚ್ ತರುವಾಗ ಅಂಗಡಿಯಲ್ಲಿ ಇದನ್ನು ಕೇಳಿ, ದಯವಿಟ್ಟು.

ಇನ್ನೊಂದು ಇನ್ವರ್ಟರ್ ವಿಷಯ. ಹೋದ ಮಳೆಗಾಲ ಲೈನ್ ಮೇಲೆ ಮರ ಬಿದ್ದು ನಮ್ಮನೆಗೆ ಎರಡು ದಿನ ಕರೆಂಟ್ ಇರಲಿಲ್ಲ. ರೌಟರ್ ಒಂದೇ ಓಡುತ್ತಿತ್ತು, ಆದರೂ ಬ್ಯಾಟರಿ ಮರುದಿನವೇ ಖಾಲಿ. ನೋಡಿದರೆ, ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರ್ 230 ಮಾಡುತ್ತದೆ, ಅಡಾಪ್ಟರ್ ಅದನ್ನೇ ತಿರುಗಿ 12 ಮಾಡುತ್ತದೆ. ಎರಡು ಕಡೆಯೂ ಸೋರಿಕೆ, ಸಾಲದ್ದಕ್ಕೆ ಇನ್ವರ್ಟರ್ ತನಗೇ ಅಂತ ಒಂದಷ್ಟು ತಿನ್ನುತ್ತದೆ. ಈಗ ರೌಟರ್‌ಗೆ ನೇರವಾಗಿ ಡಿಸಿ, ಅಂದರೆ ಬ್ಯಾಟರಿಯ ಥರದ ಕರೆಂಟ್, ಕೊಡುವ ಚಿಕ್ಕ ಯುಪಿಎಸ್ ಹಾಕಿದ್ದೇನೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಳ್ಳಿ. ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಲೆಕ್ಕ ಹಿಡಿಯಿರಿ.

ಒಂದು ವ್ಯಾಟ್ ಮೀಟರ್, ಎರಡು ಸ್ವಿಚ್ ತಂದಿದ್ದೇನೆ, ಒಂದು ಹಳೇದು, ಒಂದು ಹೊಸದು. ಮುಂದೆ ಬನ್ನಿ. ಕೇಬಲ್ ಒಂದೊಂದಾಗಿ ನೀವೇ ಹಾಕಿ, ಮೀಟರ್ ಎಷ್ಟಕ್ಕೆ ಏರುತ್ತದೆ ನೋಡೋಣ.