ಬೇಡ ಎನ್ನುವ ಗೈಡ್ ಬೇಕು

ನಮಸ್ಕಾರ್ರೀ. ಇವತ್ತು ಪೆಂಗ್ವಿನ್ ಬಗ್ಗೆ ಮಾತಾಡೋಣ. ಹುಬ್ಬಳ್ಳಿಯಲ್ಲಿ ಕೂತು ಪೆಂಗ್ವಿನ್ ಸುದ್ದಿ ಯಾಕೆ ಅಂತ ಅನ್ನಿಸಬಹುದು. ಸ್ವಲ್ಪ ತಾಳಿ, ಮಾತು ಗದಗ ಜಿಲ್ಲೆಗೇ ಬಂದು ಮುಟ್ಟುತ್ತದೆ.

ಹಡಗಿನ ಪ್ರವಾಸಗಳಲ್ಲಿ ಒಂದು ಪದ್ಧತಿ ಇದೆ. ಹಡಗು ಬಂದರಿನಲ್ಲಿ ನಿಲ್ಲುತ್ತದೆ. ಕೆಳಗೆ ಗೈಡ್ ಕಾಯುತ್ತಿರುತ್ತಾರೆ. ಬಸ್ಸಿನಲ್ಲಿ ಕೂರಿಸಿಕೊಂಡು ಒಂದೆರಡು ಜಾಗ ತೋರಿಸಿ, ಸಂಜೆಯೊಳಗೆ ಹಡಗಿಗೆ ವಾಪಸ್ ಬಿಡುತ್ತಾರೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಇಳಿದವರನ್ನು ಸೈಮನ್ಸ್ ಟೌನ್ ಹತ್ತಿರದ ಬೌಲ್ಡರ್ಸ್ ಬೀಚ್‌ಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಆಫ್ರಿಕನ್ ಪೆಂಗ್ವಿನ್‌ಗಳ ದೊಡ್ಡ ನೆಲೆ ಇದೆ. ಹೋಗಿ ಬಂದವರ ಹತ್ತಿರ ಕೇಳಿದರೆ ಬಹಳ ಮಂದಿ ಮುಖ ಸಣ್ಣ ಮಾಡುತ್ತಾರೆ. "ಮುಟ್ಟಂಗಿಲ್ಲ, ಇಳಿಯಂಗಿಲ್ಲ, ಬರೇ ಕಟ್ಟಿಗೆ ದಾರಿ ಮ್ಯಾಲೆ ನಡೀಬೇಕು. ಇದಕ್ಕ ಅಷ್ಟು ರೊಕ್ಕ ಕೊಡಬೇಕೇನ್ರಿ?"

ಕೊಡಬೇಕು ಅಂತಲೇ ನನ್ನ ವಾದ. ಆ ಬೇಲಿಗೆ, ಆ ಕಟ್ಟಿಗೆ ದಾರಿಗೆ, ಬೇಡ ಅನ್ನುವ ಆ ಗೈಡ್‌ಗೇ ನಾವು ರೊಕ್ಕ ಕೊಡುವುದು. ಅದಿಲ್ಲದಿದ್ದರೆ ನೋಡಲು ಅಲ್ಲಿ ಹಕ್ಕಿ ಉಳಿಯುವುದಿಲ್ಲ.

ನಾನು ಹೋದದ್ದು ಡಿಸೆಂಬರ್‌ನಲ್ಲಿ. ನಮ್ಮ ಗೈಡ್ ಅದೇ ಊರಿನ ಹೆಣ್ಣುಮಗಳು. ಬಸ್ ಇಳಿಯುವ ಮುಂಚೆಯೇ ಆಕೆ ಎದ್ದು ನಿಂತು ಹೇಳಿದ್ದು ಇಷ್ಟು: ಕೈ ಚಾಚಬೇಡಿ, ತಿನ್ನಲು ಏನೂ ಹಾಕಬೇಡಿ, ಕೊಕ್ಕು ಬ್ಲೇಡಿನಷ್ಟು ಹರಿತ ಇದೆ. ಪಾರ್ಕಿಂಗ್ ಜಾಗದಲ್ಲಿ ಒಂದು ಫಲಕ ಇದೆ. ಗಾಡಿ ತೆಗೆಯುವ ಮುಂಚೆ ಕೆಳಗೆ ಪೆಂಗ್ವಿನ್ ಇದೆಯೋ ನೋಡಿ ಅಂತ. ಡ್ರೈವರ್ ನಿಜವಾಗಲೂ ಬಗ್ಗಿ ನೋಡಿದ.

ಮುಂದೆ ಒಂದು ಪೊದೆಯ ಬುಡದಲ್ಲಿ ಒಂದು ಪೆಂಗ್ವಿನ್ ನಿಂತಿತ್ತು. ಅಲುಗಾಡುತ್ತಿರಲಿಲ್ಲ. ಮೈಮೇಲಿನ ಪುಕ್ಕ ಅಲ್ಲಲ್ಲಿ ಕಿತ್ತು ಬಂದಿತ್ತು. ಕಾಲ ಬುಡದಲ್ಲೆಲ್ಲ ಬಿಳಿ ಪುಕ್ಕ. ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಹತ್ತಿ ಹರಡಿದ ಹಾಗೆ. ಕಣ್ಣಿನ ಮೇಲಿನ ಬೋಳು ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮೈ ಕಾದಾಗ ಅಲ್ಲಿಗೆ ರಕ್ತ ಹರಿದು ಬಿಸಿ ಹೊರಗೆ ಹೋಗುತ್ತದೆ. ನಮ್ಮವರೊಬ್ಬರು "ಪಾಪ, ಆರಾಮಿಲ್ಲ ಅಂತ ಕಾಣ್ತದ, ನೀರಿಗಾದರೂ ಬಿಡಬಾರದೇನು" ಅಂದರು. ಗೈಡ್ ಅಲ್ಲೇ ನಿಲ್ಲಿಸಿ ವಿವರಿಸಿದರು. ಅದು ಹಳೆ ಪುಕ್ಕ ಉದುರಿಸಿ ಹೊಸದು ಹಾಕಿಕೊಳ್ಳುವ ಕಾಲ. ಸುಮಾರು ಮೂರು ವಾರ ಬೇಕು. ಅಷ್ಟು ದಿನ ಮೈಗೆ ನೀರು ತಡೆಯುವ ಹೊದಿಕೆ ಇರುವುದಿಲ್ಲ. ಸಮುದ್ರಕ್ಕೆ ಇಳಿದರೆ ಚಳಿ ಹೊಡೆಯುತ್ತದೆ. ಇಳಿಯದಿದ್ದರೆ ಮೀನಿಲ್ಲ. ಅಂದರೆ ಪೂರ್ತಿ ಉಪವಾಸ. ಮುಂಚೆಯೇ ತಿಂದು ಮೈಯಲ್ಲಿ ತುಂಬಿಕೊಂಡ ಕೊಬ್ಬಿನ ಮೇಲೆ ದಿನ ದೂಡಬೇಕು.

ಈಗ ಯೋಚನೆ ಮಾಡಿ. ಸೆಲ್ಫಿ ಬೇಕು ಅಂತ ನಾಲ್ಕು ಜನ ಹತ್ತಿರ ಹೋದರೆ ಅದು ಓಡುತ್ತದೆ. ಓಡಿದರೆ ಕೊಬ್ಬು ಕರಗುತ್ತದೆ. ಗಾಬರಿಯಲ್ಲಿ ನೀರಿಗೆ ಬಿದ್ದರಂತೂ ಕಷ್ಟ. ನಮಗೆ ಒಂದು ನಿಮಿಷದ ಫೋಟೊ, ಅದಕ್ಕೆ ಜೀವದ ಪ್ರಶ್ನೆ. ಗೈಡ್ ಇಲ್ಲದಿದ್ದರೆ ಇದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಸುಮ್ನೆ ನಿಂತ ಹಕ್ಕಿ ಕಂಡರೆ ಅದಕ್ಕೆ ನಮ್ಮ ಭಯ ಇಲ್ಲ ಅಂತಲೇ ನಾವು ತಿಳಿಯುವುದು, ಅಲ್ವಾ?

ಬೌಲ್ಡರ್ಸ್‌ಗೆ ಪೆಂಗ್ವಿನ್ ಬಂದದ್ದು 1982ರಲ್ಲಿ, ಬರೀ ಎರಡು ಜೋಡಿ. ಮನೆಗಳ ಪಕ್ಕದಲ್ಲೇ ಬಂದು ನೆಲೆಸಿದವು. ಮುಂದೆ ಸಾವಿರಗಟ್ಟಲೆ ಆದವು. ಆದರೆ ಒಟ್ಟು ಲೆಕ್ಕ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಆಫ್ರಿಕನ್ ಪೆಂಗ್ವಿನ್‌ನ ಮರಿ ಮಾಡುವ ಜೋಡಿಗಳು ಇವತ್ತು ಜಗತ್ತಿನಲ್ಲಿ 10,000ಕ್ಕಿಂತ ಕಡಿಮೆ. 2024ರಲ್ಲಿ ಇದನ್ನು ಅಳಿವಿನ ಅತಿ ಅಪಾಯದ ಪಟ್ಟಿಗೆ ಸೇರಿಸಿದರು. ಆ ಪಟ್ಟಿಗೆ ಸೇರಿದ ಮೊದಲ ಪೆಂಗ್ವಿನ್ ಜಾತಿ ಇದು.

ಕಾರಣ ಪ್ರವಾಸಿಗರಲ್ಲ. ಹಿಂದೆ ದ್ವೀಪಗಳ ಮೇಲೆ ತಲೆತಲಾಂತರದಿಂದ ಗಟ್ಟಿಯಾಗಿ ಕೂತಿದ್ದ ಹಕ್ಕಿ ಹಿಕ್ಕೆಯನ್ನು ಗೊಬ್ಬರಕ್ಕೆ ಅಂತ ಕೆರೆದು ಹಡಗು ತುಂಬಿದರು. ಆ ಹಿಕ್ಕೆಯಲ್ಲೇ ಬಿಲ ತೋಡಿ ಪೆಂಗ್ವಿನ್ ಮೊಟ್ಟೆ ಇಡುತ್ತಿದ್ದವು. ಅದು ಹೋದ ಮೇಲೆ ಬಿಸಿಲಿಗೆ ಬಿದ್ದವು. ಅದಕ್ಕೇ ಈಗ ಕೃತಕ ಗೂಡು ಇಡುತ್ತಾರೆ. ಈಗಿನ ದೊಡ್ಡ ಸಂಕಟ ಎಂದರೆ ಹೊಟ್ಟೆಯದು. ಇವು ತಿನ್ನುವ ಸಾರ್ಡಿನ್, ಆಂಚೊವಿ ಮೀನು ಕಡಿಮೆಯಾಗಿವೆ. ಇದ್ದಷ್ಟನ್ನು ದೊಡ್ಡ ಬಲೆಯ ದೋಣಿಗಳು ಬಳಿಯುತ್ತವೆ. ವಿಷಯ ಕೋರ್ಟಿಗೆ ಹೋಗಿ, 2025ರ ಮಾರ್ಚ್‌ನಲ್ಲಿ ಆರು ನೆಲೆಗಳ ಸುತ್ತ 10 ವರ್ಷ ಅಂಥ ಮೀನುಗಾರಿಕೆ ಬೇಡ ಅಂತ ಇತ್ಯರ್ಥ ಆಯಿತು. ಇದನ್ನೆಲ್ಲ ಹೇಳುವ ಗೈಡ್ ಒಳ್ಳೆಯ ಗೈಡ್. "ಎಷ್ಟು ಮುದ್ದಾಗಿದೆ ನೋಡಿ" ಅಂತಷ್ಟೇ ಹೇಳಲು ಗೈಡ್ ಯಾಕೆ ಬೇಕು?

ಇನ್ನೊಂದು ಊರಿನ ಮಾತು ಹೇಳದೆ ಮುಂದೆ ಹೋಗಲಾರೆ. ಆಸ್ಟ್ರೇಲಿಯಾದ ಫಿಲಿಪ್ ದ್ವೀಪ. ಒಂದು ಕೆಜಿ ತೂಗುವ ಪುಟ್ಟ ಪೆಂಗ್ವಿನ್‌ಗಳು ಕತ್ತಲಾಗುವಾಗ ಸಮುದ್ರದಿಂದ ದಡಕ್ಕೆ ಬರುತ್ತವೆ. ಅಲ್ಲಿ ಜನ ಫೋಟೊ ತೆಗೆಯುವ ಹಾಗಿಲ್ಲ. ಅಷ್ಟೇ ಅಲ್ಲ. ಅವುಗಳ ದಾರಿಯಲ್ಲಿ ಮನೆಗಳ ಒಂದು ಬಡಾವಣೆಯೇ ಇತ್ತು. 1985ರಲ್ಲಿ ಅಲ್ಲಿನ ಸರ್ಕಾರ ಒಂದೊಂದೇ ಮನೆ, ಒಂದೊಂದೇ ಪ್ಲಾಟ್ ಖರೀದಿ ಮಾಡಲು ನಿರ್ಧಾರ ಮಾಡಿತು. ಕೊನೆಯ ಮನೆ ತೆಗೆದುಕೊಳ್ಳುವ ಹೊತ್ತಿಗೆ 2010 ಆಗಿತ್ತು. 25 ವರ್ಷ ಬೇಕಾಯಿತು, ಸರ್ಕಾರಗಳು ಬಂದು ಹೋದವು, ಕೆಲಸ ನಿಲ್ಲಲಿಲ್ಲ. ಪ್ಲಾಟಿನ ಬೆಲೆ ಗೊತ್ತಿರುವ ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಗೆ ಇದು ಎಂಥ ದೊಡ್ಡ ಕೆಲಸ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಸರಿ, ಈಗ ಗದಗಕ್ಕೆ ಬರೋಣ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಚಳಿಗಾಲ ಬಂತೆಂದರೆ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಹಿಮಾಲಯ ದಾಟಿ ಬರುತ್ತವೆ. ಹಾರುವಾಗ 7,000 ಮೀಟರಿಗೂ ಮೇಲೆ ಹೋದದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹಕ್ಕಿಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. 2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ನಮ್ಮ ಕಡೆಯ ಕೆರೆಯೊಂದಕ್ಕೆ ಜಗತ್ತಿನ ಮಟ್ಟದ ಗುರುತು ಸಿಕ್ಕಿದೆ. ನನಗಂತೂ ಬಹಳ ಹೆಮ್ಮೆ.

ಆದರೆ ರಜೆ ದಿನ ದಡದ ಮೇಲೆ ನಡೆಯುವುದನ್ನು ನೋಡಿದ್ದೇನೆ. ಹಕ್ಕಿ ಸುಮ್ಮನೆ ಕೂತಿದ್ದರೆ ಮಂದಿಗೆ ಸಮಾಧಾನ ಇಲ್ಲ. ಒಬ್ಬರು ಚಪ್ಪಾಳೆ ಹೊಡೆಯುತ್ತಾರೆ, ಇನ್ನೊಬ್ಬರು ಕಲ್ಲು ಒಗೆಯುತ್ತಾರೆ. ಎಲ್ಲ ಒಟ್ಟಿಗೆ ಎದ್ದು ಹಾರಿದರೆ ವಿಡಿಯೊ ಚೆನ್ನಾಗಿ ಬರುತ್ತದಂತೆ. ಹಗಲು ಅವು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ. ವಾಪಸ್ ಹಿಮಾಲಯ ದಾಟಲು ಮೈಯಲ್ಲಿ ಕೊಬ್ಬು ಕೂಡಿಡಬೇಕು. ಬೌಲ್ಡರ್ಸ್‌ನ ಪೊದೆಯ ಬುಡದಲ್ಲಿ ನಿಂತಿದ್ದ ಪೆಂಗ್ವಿನ್‌ನ ಲೆಕ್ಕವೇ ಇಲ್ಲೂ. ಪ್ರತಿ ಸಲ ಎಬ್ಬಿಸಿದಾಗ ಅದರ ಗಂಟು ಕರಗುತ್ತದೆ.

ಕತ್ತಲಾದ ಮೇಲೆ ಇವು ಹೊಲಕ್ಕೆ ಇಳಿಯುತ್ತವೆ. ಅಲ್ಲಿಯ ರೈತರೊಬ್ಬರು ನನಗೆ ಹೇಳಿದರು: "ರಾತ್ರಿ ಬರ್ತಾವ್ರೀ, ಕಡ್ಲಿ ತಿಂದು ಹೋಗ್ತಾವು. ಬೈಯೂದಿಲ್ಲ, ಅತಿಥಿ ಇದ್ದಂಗ. ಆದ್ರ ನಮಗೂ ಹೊಟ್ಟಿ ಅದ ಅಲ್ರೀ." ಕಾರಿನಲ್ಲಿ ಬಂದು ಫೋಟೊ ತೆಗೆದು ಹೋಗುವ ನಾವು ಏನೂ ಕಳೆದುಕೊಳ್ಳುವುದಿಲ್ಲ. ಬೆಳೆ ಕಳೆದುಕೊಳ್ಳುವವರು ಅವರು.

ಅದಕ್ಕೇ ನಾನು ಕೇಳುವುದು: ಮಾಗಡಿ ಮತ್ತು ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಗೈಡ್ ಮಾಡಿ. ದಡದ ಒಂದೇ ಕಡೆ ಮರೆ ಕಟ್ಟಿ ಅಲ್ಲಿಂದ ಮಾತ್ರ ತೋರಿಸಿ. ಒಂದು ಸಲಕ್ಕೆ ಇಷ್ಟೇ ಜನ ಅಂತ ಮಿತಿ ಇರಲಿ. ಅಂಟಾರ್ಕ್ಟಿಕಾದಂಥ ಜಾಗದಲ್ಲೇ ಒಂದು ಹೊತ್ತಿಗೆ ನೂರಕ್ಕಿಂತ ಜಾಸ್ತಿ ಪ್ರವಾಸಿಗರನ್ನು ದಡಕ್ಕೆ ಇಳಿಸುವುದಿಲ್ಲ, ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಲ್ಲಿಸುತ್ತಾರೆ. ನಮ್ಮ ಕೆರೆಗೆ ಯಾಕೆ ಆಗಬಾರದು? ಟಿಕೆಟ್ ಇಡಿ. ಬಂದ ರೊಕ್ಕದಲ್ಲಿ ಮೊದಲ ಪಾಲು ಬೆಳೆ ಕಳೆದುಕೊಂಡ ರೈತರಿಗೆ ಹೋಗಲಿ. ನಮ್ಮೂರಿನ ಕೆರೆ ನೋಡಲು ಟಿಕೆಟ್ ಯಾಕೆ ಅಂತ ಕೇಳುವವರಿದ್ದಾರೆ. ಕೇಪ್ ಟೌನ್‌ನಲ್ಲಿ ತುಟಿ ಪಿಟಕ್ ಅನ್ನದೆ ಕೊಡುತ್ತೇವೆ, ಇಲ್ಲೂ ಕೊಡೋಣ.

ಒಂದು ಆಕ್ಷೇಪ ನನಗೆ ನಿಜವಾಗಲೂ ಮುಖ್ಯ ಅನ್ನಿಸುತ್ತದೆ. ಟಿಕೆಟ್ ಇಟ್ಟರೆ ಬಡವರ ಮಕ್ಕಳು ನೋಡುವುದು ಹೇಗೆ? ಅವರಿಗೆ ಟಿಕೆಟ್ ಬೇಡವೇ ಬೇಡ. ವಾರದಲ್ಲಿ ಒಂದು ಬೆಳಿಗ್ಗೆ ಗದಗ, ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಗಳಿಗೇ ಮೀಸಲಿಡಿ. ಕಾರಿನವರು ಆ ದಿನ ಬರುವುದು ಬೇಡ. ಹೆಬ್ಬಾತು ತಿಂದ ಹೊಲ ಯಾರದ್ದೋ, ಆ ಮನೆಯ ಮಗಳೇ ಗೈಡ್ ಆಗಿ ನಿಂತು, ಆ ಮಕ್ಕಳ ಕೈಗೆ ಬೈನಾಕ್ಯುಲರ್ ಕೊಟ್ಟು ತೋರಿಸಲಿ.