ಮೊದಲು ಹೆಸರು, ಆಮೇಲೆ ಸ್ಕ್ಯಾನು

ಕೇಳುಗರೆ, ನಮಸ್ಕಾರ.

ಮನೆಯ ಹಳೆಯ ಫೋಟೋಗಳನ್ನು ಉಳಿಸಬೇಕು ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಸ್ಕ್ಯಾನರ್ ಹುಡುಕುತ್ತಾರೆ. ಇಲ್ಲವಾದರೆ ಟ್ರಂಕಿನಲ್ಲಿದ್ದದ್ದನ್ನೆಲ್ಲ ಮೊಬೈಲಿನಲ್ಲಿ ಚಕಚಕನೆ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಎರಡೂ ಬೇಕಾದ ಕೆಲಸಗಳೇ, ಆದರೆ ಸರದಿ ತಿರುಗುಮುರುಗಾಗಿದೆ. ಕಪ್ಪುಬಿಳುಪು ಫೋಟೋದ ಚಿತ್ರ ಬೆಳ್ಳಿಯ ಕಣಗಳಿಂದ ಆದದ್ದು. ತೇವವಿಲ್ಲದ, ಬಿಸಿಲು ಬೀಳದ ಜಾಗದಲ್ಲಿಟ್ಟರೆ ನೂರು ವರ್ಷ ಸಲೀಸಾಗಿ ಬಾಳುತ್ತದೆ. ಅದರಲ್ಲಿರುವವರು ಯಾರೆಂದು ಹೇಳಬಲ್ಲ ಅಜ್ಜಿಗೆ ಈಗಾಗಲೇ ಎಂಬತ್ತೆಂಟು. ಹಾಗಾಗಿ ಮೊದಲು ಹೆಸರು ಬರೆದುಕೊಳ್ಳಬೇಕು, ಉಳಿದದ್ದೆಲ್ಲ ಆಮೇಲೆ.

ಮದುವೆಯ ಗ್ರೂಪ್ ಫೋಟೋ ಒಂದನ್ನು ತೆಗೆದುಕೊಳ್ಳಿ. ಮೂವತ್ತು ನಲವತ್ತು ಜನ ಇರುತ್ತಾರೆ. ಇದನ್ನು ಮೊಬೈಲಿನಲ್ಲಿ ಅಜ್ಜಿಗೆ ತೋರಿಸಿ ಪ್ರಯೋಜನವಿಲ್ಲ. ಬೆರಳು ತಾಗಿದರೆ ಚಿತ್ರ ಜಾರುತ್ತದೆ; ಒಂದು ಮುಖ ದೊಡ್ಡದು ಮಾಡಿದರೆ ಪಕ್ಕದವರು ಮಾಯವಾಗುತ್ತಾರೆ. ಆದರೆ ಎಷ್ಟೋ ಸಲ ಗುರುತು ಹತ್ತುವುದೇ ಪಕ್ಕದಲ್ಲಿ ಯಾರಿದ್ದಾರೆ ಎಂಬುದರಿಂದ. ಫೋಟೋವನ್ನು ಎ4 ಹಾಳೆಯ ತುಂಬ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಅದರ ಮೇಲೆ ಬಟರ್ ಪೇಪರ್ ಹಾಸಿ, ಪ್ರತಿಯೊಂದು ತಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಹಿಂದಿನ ಸಾಲಿನ ಎಡತುದಿಯಿಂದ 1, 2, 3 ಎಂದು ಸಂಖ್ಯೆ ಹಾಕಿ. ಎಡ ಎಂದರೆ ಫೋಟೋ ನೋಡುವವರ ಎಡ. ಇದನ್ನು ಹಾಳೆಯ ಮೇಲೇ ಬರೆದಿಡಿ, ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ನೋಡಿದವರು ಇಡೀ ಸಾಲನ್ನು ಹಿಂದುಮುಂದು ಓದುತ್ತಾರೆ.

ಸಂಖ್ಯೆಯ ಮುಂದೆ ಏನು ಬರೆಯಬೇಕು? "ಚಿಕ್ಕಪ್ಪ" ಎಂದಷ್ಟೇ ಬರೆದರೆ ಸಾಲದು. ಯಾರ ಚಿಕ್ಕಪ್ಪ? "ಪದ್ದತ್ತೆ" ಎಂದರೂ ಅಷ್ಟೇ. ಪೂರ್ತಿ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಊರು, ಮತ್ತೆ ಗೊತ್ತಿರುವ ಒಬ್ಬರಿಂದ ಹಿಡಿದು ಸಂಬಂಧ: "ಅಜ್ಜಿಯ ಎರಡನೇ ತಮ್ಮ" ಎನ್ನುವ ಹಾಗೆ. ಹೆಣ್ಣುಮಕ್ಕಳ ವಿಷಯದಲ್ಲಿ ತವರಿನ ಹೆಸರು ಮತ್ತು ಮದುವೆಯಲ್ಲಿ ಇಟ್ಟ ಹೆಸರು ಎರಡನ್ನೂ ಕೇಳಿ. ನಮ್ಮಲ್ಲಿ ವಂಶವೃಕ್ಷಗಳಲ್ಲಿ ಬಹುಪಾಲು ಕಾಣೆಯಾಗಿರುವವರು ಹೆಂಗಸರೇ. ಅತ್ತೆ, ದೊಡ್ಡಮ್ಮ, ಸೊಸೆ ಎಂದು ಕರೆದು ಕರೆದು ಅವರ ಸ್ವಂತ ಹೆಸರು ಯಾರ ಬಾಯಲ್ಲೂ ಉಳಿದಿರುವುದಿಲ್ಲ.

ಕೂತು ಕೇಳುವಾಗ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಆದರೆ ಹೇಳಿ ಮಾಡಿ, ಕದ್ದು ಮಾಡಬೇಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಹೇಳುವವರಿಂದ ಎರಡು ಗೇಣು ದೂರದಲ್ಲಿ ಮಡಿಸಿದ ಟವಲಿನ ಮೇಲಿಡಿ. ಬರಿಯ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನ ಹಾಗೆ ಕೇಳುತ್ತದೆ. ಫ್ಯಾನು ಆರಿಸಿ. ಬಾನುಲಿಯವರ ಮಾತು ನಂಬಿ, ಮಾತಾಡುವವರ ದನಿಗಿಂತ ಫ್ಯಾನಿನ ಸದ್ದನ್ನೇ ಮೈಕು ಹೆಚ್ಚು ಪ್ರೀತಿಸುತ್ತದೆ. ಆರಂಭದಲ್ಲಿ ದಿನಾಂಕ, ಊರು, ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂಬುದನ್ನು ಹೇಳಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಅದಕ್ಕಿಂತ ಹೆಚ್ಚಾದರೆ ವಯಸ್ಸಾದವರು ದಣಿದು "ಹೂಂ, ಅವನೇ ಇರಬೇಕು" ಎನ್ನತೊಡಗುತ್ತಾರೆ. ಆ "ಇರಬೇಕು" ಮುಂದೆ ಗಟ್ಟಿ ಸತ್ಯವಾಗಿ ಕೂತುಬಿಡುತ್ತದೆ. ಇಬ್ಬರು ಹಿರಿಯರಿದ್ದರೆ ಮೊದಲು ಬೇರೆಬೇರೆಯಾಗಿ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ಹೇಳಿದ್ದು ತಾಳೆಯಾಗದಿದ್ದರೆ ಎರಡನ್ನೂ ಬರೆದು, ಯಾವುದು ಯಾರು ಹೇಳಿದ್ದು ಎಂದು ಗುರುತಿಸಿ. ನ್ಯಾಯ ತೀರ್ಮಾನ ಮಾಡಲು ಹೋಗಬೇಡಿ.

"ಯಾವ ಇಸವಿ?" ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. ಬರಗಾಲಕ್ಕೆ ಮೊದಲೋ, ಆಮೇಲೋ? ಗಾಂಧೀಜಿ ತೀರಿಕೊಂಡಾಗ ನೀವು ಶಾಲೆಗೆ ಹೋಗುತ್ತಿದ್ದಿರಾ? ಶರಾವತಿ ಕಡೆಯವರಾದರೆ, ಊರು ಮುಳುಗುವುದಕ್ಕೆ ಮೊದಲು ತೆಗೆದ ಫೋಟೋನಾ? ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಒಂದು ಪ್ರಶ್ನೆಯಿಂದಲೇ ಆಲ್ಬಂ ಎರಡು ಭಾಗವಾಗುತ್ತದೆ. ಶಾಲೆಯ ದಾಖಲೆಯ ಹುಟ್ಟಿದ ದಿನವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಜೂನ್ 1 ಎಂದಿದ್ದರೆ ಅದು ಹೆಚ್ಚಾಗಿ ಮೇಷ್ಟ್ರು ದಯಪಾಲಿಸಿದ ಹುಟ್ಟುಹಬ್ಬ.

ಇಸವಿಗೆ ಲಗ್ನಪತ್ರಿಕೆಯಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಆದರೆ ಅಲ್ಲೊಂದು ಹೊಂಡ ಇದೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ವಿಶ್ವಾವಸು 1965ರಲ್ಲೂ ಬಂದಿತ್ತು, 2025ರಲ್ಲೂ ಬಂತು. ಅಜ್ಜನ ಮದುವೆಯೋ ಮೊಮ್ಮಗನದೋ ಎಂಬ ಗೊಂದಲ ಯಾರಿಗೂ ಆಗಲಾರದು. ಎಡವುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಸಂವತ್ಸರ ಬದಲಾಗುವುದು ಯುಗಾದಿಗೆ. ಹಾಗಾಗಿ "ವಿಶ್ವಾವಸು ಸಂವತ್ಸರದ ಮಾಘ ಶುದ್ಧ" ಎಂದಿದ್ದರೆ ಅದು 1965 ಅಲ್ಲ, 1966ರ ಜನವರಿ ಕೊನೆ ಅಥವಾ ಫೆಬ್ರವರಿ ಮೊದಲು. ತಿಥಿಯ ಜೊತೆ ವಾರವನ್ನೂ ಅಚ್ಚು ಹಾಕಿಸಿರುತ್ತಾರಲ್ಲ, ಹಳೆಯ ಪಂಚಾಂಗದಲ್ಲಿ ಎರಡೂ ಕೂಡಿ ಬರುತ್ತವೆಯೇ ಎಂದು ನೋಡಿದರೆ ದಿನಾಂಕ ಸಿಕ್ಕಿತು.

ಪತ್ರಿಕೆ ಇಲ್ಲದಿದ್ದರೆ ಫೋಟೋವನ್ನು ಮಗುಚಿ ನೋಡಿ. ಸ್ಟುಡಿಯೋದ ಮೊಹರಿನಲ್ಲಿ "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮೊದಲಿನದು. ಇಲ್ಲವೇ ಹಳೆಯ ಮೊಹರನ್ನೇ ಇನ್ನೊಂದಷ್ಟು ದಿನ ಒತ್ತಿದ್ದಾರೆ. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್‌ಗಿಂತ ಈಚಿನದು. ನೆಗೆಟಿವಿನ ಅಂಚಿನಲ್ಲಿ "ಓರ್ವೋ" ಎಂದು ಪೂರ್ವ ಜರ್ಮನಿಯ ಫಿಲ್ಮಿನ ಹೆಸರಿದ್ದರೆ 1964ರ ನಂತರದ್ದು. "ಇಂದು" ಎಂಬ ಫಿಲ್ಮಿನ ಹೆಸರಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಸರಕು, ಅರವತ್ತರ ದಶಕದ ಕೊನೆಯಿಂದ ಈಚೆಗೆ. ಆದರೆ ಫೋಟೋ ಕಾಗದ ಹೇಳುವುದು ಪ್ರಿಂಟು ಹಾಕಿದ ಕಾಲವನ್ನು. ಹಳೆಯ ನೆಗೆಟಿವಿನಿಂದ ಹದಿನೈದು ವರ್ಷದ ಮೇಲೆ ಪ್ರಿಂಟು ಹಾಕಿಸಿರಬಹುದು.

ಚಿತ್ರದೊಳಗಿನ ವಸ್ತುಗಳನ್ನು ನೋಡಿ ತೀರ್ಮಾನಕ್ಕೆ ಬರುವಾಗ ಹುಷಾರು. ಹಿಂದಿನ ಪರದೆಯ ಮೇಲಿನ ಅರಮನೆ, ಕೆತ್ತನೆಯ ಕುರ್ಚಿ, ಹೂದಾನಿ ಸ್ಟುಡಿಯೋದವು. ಕೋಟು, ಟೈ ಕೂಡ ಎಷ್ಟೋ ಸಲ ಅಲ್ಲೇ ಗೂಟಕ್ಕೆ ನೇತುಹಾಕಿರುತ್ತಿದ್ದವು. ಗೋಡೆಯ ಮೇಲೆ ಗಂಧದ ಹಾರ ಹಾಕಿಕೊಂಡಿರುವ ಮುತ್ತಜ್ಜನ ದೊಡ್ಡ ಫೋಟೋ ಕೂಡ ಬಹಳ ಮನೆಗಳಲ್ಲಿ ಮೂಲ ಚಿತ್ರವಲ್ಲ. ಯಾವುದೋ ಗ್ರೂಪ್ ಫೋಟೋದಿಂದ ಮುಖವನ್ನಷ್ಟೇ ದೊಡ್ಡದು ಮಾಡಿಸಿ, ಮಬ್ಬಾದ ಮೀಸೆ, ಪೇಟ, ಶಲ್ಯಗಳನ್ನು ಕುಂಚದಿಂದ ತಿದ್ದಿಸಿದ್ದು. ಆ ಗ್ರೂಪ್ ಫೋಟೋ ಇನ್ನೊಬ್ಬ ದಾಯಾದಿಯ ಮನೆಯಲ್ಲಿ ಇದ್ದೀತು, ಹುಡುಕಿ. ಕೆಲವು ಅಜ್ಜಿಯರ ಒಂದೇ ಒಂದು ಫೋಟೋ ಎಂದರೆ ತೀರಿಕೊಂಡ ದಿನ ಕುರ್ಚಿಗೆ ಒರಗಿಸಿ ತೆಗೆಸಿದ್ದು. ನೋಡಲು ಸಂಕಟವಾಗುತ್ತದೆಂದು ಅದನ್ನು ಎಸೆಯಬೇಡಿ. ಬೇರೆ ಲಕೋಟೆಯಲ್ಲಿಟ್ಟು ಮೇಲೆ ಬರೆದಿಡಿ, ನೋಡಬೇಕೆನ್ನುವವರು ನೋಡಲಿ.

ಬೆನ್ನ ಮೇಲೆ ಬರೆಯುವುದಕ್ಕೆ ಮೆತ್ತನೆಯ ಪೆನ್ಸಿಲು, 4ಬಿ ಆದರೆ ಒಳ್ಳೆಯದು. ಗಟ್ಟಿ ನೆಲದ ಮೇಲಿಟ್ಟು, ಅಂಚಿನ ಹತ್ತಿರ, ಒತ್ತದೆ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂಬದಿಯಲ್ಲಿ ಮೂಡುತ್ತದೆ, ಶಾಯಿ ಕಾಲಕ್ರಮೇಣ ಇನ್ನೊಂದು ಫೋಟೋಗೂ ಹತ್ತುತ್ತದೆ. ಎಪ್ಪತ್ತರ ದಶಕದಿಂದೀಚೆಗಿನ, ಬೆನ್ನು ನುಣುಪಾಗಿರುವ ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಪೆನ್ಸಿಲು ಹತ್ತುವುದಿಲ್ಲ. ಅದನ್ನು ಕಾಗದದ ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಬರೆಯಿರಿ. ಬರೆಯುವುದು ಲಕೋಟೆ ಖಾಲಿಯಿರುವಾಗ.

ಇನ್ನು ಹಾಳಾಗುವ ಮಾತು. ಫೋಟೋದ ಮೇಲ್ಮೈ ಜೆಲಟಿನ್. ಮಳೆಗಾಲದ ತೇವಕ್ಕೆ ಅದು ಉಬ್ಬಿ ಮೆತ್ತಗಾಗುತ್ತದೆ, ಬೂಷ್ಟಿಗೂ ಹುಳಕ್ಕೂ ಅದೇ ಊಟ. ಕರಾವಳಿ, ಮಲೆನಾಡಿನಲ್ಲಿ ಫೋಟೋ ಗಾಜಿಗೆ ಅಂಟಿಕೊಳ್ಳುವುದು ಇದರಿಂದಲೇ. ಅಂಟಿಕೊಂಡದ್ದನ್ನು ಎಳೆಯಬೇಡಿ, ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಹೊರಮೈ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೇ ಬಿಡಿ. ಹೊಸದಾಗಿ ಕಟ್ಟು ಹಾಕಿಸುವಾಗ ಫೋಟೋಗೂ ಗಾಜಿಗೂ ನಡುವೆ ಮೌಂಟ್ ಬೋರ್ಡಿನ ಅಂಚು ಕೊಡಿಸಿ, ಆ ಒಂದೆರಡು ಮಿಲಿಮೀಟರ್ ಸಂದು ಸಾಕು. ಬೆನ್ನಿಗೆ ಪ್ಲೈವುಡ್ಡು, ಕಂದು ರಟ್ಟು ಬೇಡ. ಅವುಗಳ ಆಮ್ಲ ಇಳಿದು ಕಂದು ಕಲೆಯಾಗುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಬಿಸಿ ಅಂಟು ಒಮ್ಮೆ ಕೂತರೆ ಬಿಡಿಸುವ ದಾರಿಯಿಲ್ಲ.

ಎಂಬತ್ತರ ದಶಕದ ಮದುವೆ ಆಲ್ಬಂ, ಅಂಟುಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದು, ಅತಿ ಹೆಚ್ಚು ಫೋಟೋಗಳನ್ನು ಹಾಳುಮಾಡಿದೆ ಎಂದರೆ ತಪ್ಪಾಗದು. ಅಂಟು ಹಳದಿಯಾಗಿ ಗಟ್ಟಿಯಾಗುತ್ತದೆ. ಹಲ್ಲಿನ ಸಂದಿಗೆ ಬಳಸುವ ಮೇಣವಿಲ್ಲದ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಒಂದು ಮೂಲೆಯಿಂದ ಫೋಟೋದಡಿಗೆ ಗರಗಸದಂತೆ ನಿಧಾನ ಆಡಿಸಿದರೆ ಬಹಳಷ್ಟು ಬಿಟ್ಟುಬರುತ್ತವೆ. ಬಾಗತೊಡಗಿದರೆ ನಿಲ್ಲಿಸಿ, ಪುಟವನ್ನೇ ಸ್ಕ್ಯಾನ್ ಮಾಡಿ. ಎಪ್ಪತ್ತು ಎಂಬತ್ತರ ಬಣ್ಣದ ಫೋಟೋಗಳು ಕೆಂಪಗಾಗುವುದು ಕತ್ತಲಲ್ಲಿಟ್ಟರೂ ನಿಲ್ಲುವುದಿಲ್ಲ, ಅದರ ನೀಲಿಹಸಿರು ವರ್ಣದ್ರವ್ಯ ಮೊದಲು ಕರಗುತ್ತದೆ. ಆದ್ದರಿಂದ ಸ್ಕ್ಯಾನ್ ಮಾಡುವಾಗ ಅಜ್ಜನ ಕಪ್ಪುಬಿಳುಪಿಗಿಂತ ಅಪ್ಪನ ಬಣ್ಣದ ಫೋಟೋಗೇ ಮೊದಲ ಸರದಿ. ಹುಳಿ ವಾಸನೆ ಬರುತ್ತಿರುವ ನೆಗೆಟಿವ್ ಇದ್ದರೆ ಅದಕ್ಕೂ ಮುಂಚೆ ಅದು, ಅದನ್ನು ಬೇರೆಯೇ ಇಡಿ. ಆ ಆವಿ ಪಕ್ಕದ ನೆಗೆಟಿವಿಗೂ ತಗಲುತ್ತದೆ.

ಕೊಡಗಿನಲ್ಲಿ 2018ರಲ್ಲಿ, ಬೆಳಗಾವಿ ಕಡೆ 2019ರಲ್ಲಿ ನೆರೆ ಬಂದಾಗ ಆದದ್ದನ್ನು ನೋಡಿದ್ದೀರಿ. ನೀರಿನಲ್ಲಿ ನೆಂದ ಫೋಟೋಗಳ ಕಟ್ಟನ್ನು ಒಣಗಲು ಬಿಟ್ಟರೆ ಇಟ್ಟಿಗೆಯಾಗುತ್ತದೆ. ಒಣಗುವ ಮೊದಲೇ ಶುದ್ಧ ತಣ್ಣೀರಿನ ತಟ್ಟೆಯಲ್ಲಿ ತೇಲಿಸಿ, ಒಂದೊಂದಾಗಿ ಬಿಡಿಸಿ, ಚಿತ್ರ ಮೇಲಾಗಿ ನೆರಳಿನಲ್ಲಿ ಹರಡಿ. ಮುಖ ಒರೆಸಬೇಡಿ. ಎರಡು ದಿನದೊಳಗೆ ಆಗುವ ಕೆಲಸವಿದು. ಪುರುಸೊತ್ತಿಲ್ಲವೆಂದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಆಮೇಲೆ ಕರಗಿಸಿ ಬಿಡಿಸಬಹುದು. ಕೈಯಿಂದ ಬಣ್ಣ ಹಚ್ಚಿದ ಫೋಟೋವನ್ನು ಮಾತ್ರ ನೀರಿಗೆ ಹಾಕಬೇಡಿ.

ಸ್ಕ್ಯಾನಿಗೆ ಸಾಧಾರಣ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಇಡಿ. ಪಾಸ್‌ಪೋರ್ಟ್ ಸೈಜಿನ ಚಿಕ್ಕ ಫೋಟೋಗೆ 1200. ಕಪ್ಪುಬಿಳುಪನ್ನೂ ಬಣ್ಣದ ಸೆಟ್ಟಿಂಗಿನಲ್ಲೇ ಮಾಡಿ. ನಾಲ್ಕು ಇಂಚು ಆರು ಇಂಚಿನ ಫೋಟೋ, ಚಿತ್ರವನ್ನು ಕುಗ್ಗಿಸದೆ ಉಳಿಸುವ ಟಿಫ್ ಕಡತವಾಗಿ ಸುಮಾರು 25 ಎಂಬಿ ಆಗುತ್ತದೆ, ಸಾವಿರ ಫೋಟೋಗೆ 25 ಜಿಬಿ, ಹೆದರುವಷ್ಟೇನಲ್ಲ. ಬೆನ್ನಿನಲ್ಲಿ ಬರಹವಿದ್ದರೆ ಬೆನ್ನನ್ನೂ ಸ್ಕ್ಯಾನ್ ಮಾಡಿ. ಯಂತ್ರ ತಾನೇ ಚಂದ ಮಾಡುವ ಸೌಲಭ್ಯಗಳನ್ನೆಲ್ಲ ಆರಿಸಿಡಿ. ಈಗ ಬಂದಿರುವ ಬಣ್ಣ ತುಂಬುವ ತಂತ್ರಾಂಶ ಅಜ್ಜಿಯ ಧಾರೆ ಸೀರೆಗೆ ತನಗೆ ತೋಚಿದ ಬಣ್ಣ ಬಳಿಯುತ್ತದೆ. ಆಟಕ್ಕೆ ಸರಿ, ಆದರೆ ಸೀರೆ ಯಾವ ಬಣ್ಣದ್ದು ಎಂದು ಅಜ್ಜಿಯನ್ನೇ ಕೇಳಬಹುದಲ್ಲ! ಕಡತದ ಹೆಸರಿನಲ್ಲಿ ಮೊದಲು ಇಸವಿ, ಆಮೇಲೆ ಸಂದರ್ಭ, ಊರು: "1966-02 ಮದುವೆ ತಿಪಟೂರು" ಎಂಬಂತೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರಲ್ಲಿ, ಮತ್ತೊಂದು ಕ್ಲೌಡಿನಲ್ಲಿ.

ವಂಶವೃಕ್ಷ ಬರೆಯುವಾಗ ಪೇಟೆಯಲ್ಲಿ ಸಿಗುವ ಅಚ್ಚಿನ ನಮೂನೆಗಳು ನಮ್ಮ ಮನೆಗಳಿಗೆ ಸರಿಹೊಂದುವುದಿಲ್ಲ. ಅಕ್ಕನ ಮಗಳನ್ನು ತಂದುಕೊಂಡಿರುತ್ತಾರೆ. ಒಬ್ಬಳೇ ಹೆಂಗಸು ಎರಡು ತಲೆಮಾರಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಅಂಥವರನ್ನು ಒಂದೇ ಕಡೆ ಬರೆದು ಚುಕ್ಕಿಗೆರೆಯಿಂದ ಜೋಡಿಸಿ. ತಾಯಿಯ ಕಡೆಯಿಂದ ವಂಶ ಎಣಿಸುವ ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ಮೇಲ್ತುದಿಯಲ್ಲಿ ಅಜ್ಜಿಯಿರಲಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದರಿಂದ ಒಂದೇ ಹೆಸರಿನವರು ಮೂವರಿದ್ದರೆ ಹೆಸರಿನ ಜೊತೆ ಹುಟ್ಟಿದ ಇಸವಿ ಬರೆಯಿರಿ. ಶ್ರಾದ್ಧ ಮಾಡುವ ಮನೆಗಳಲ್ಲಿ ಪುರೋಹಿತರಿಗಾಗಿ ಬರೆದಿಟ್ಟ ಚೀಟಿಯಲ್ಲಿ ಮೂರು ತಲೆಮಾರಿನ ಗಂಡಸರ, ಹೆಂಗಸರ ಹೆಸರು ಸಿಗುತ್ತದೆ. ಉತ್ತರ ಕರ್ನಾಟಕದವರಾದರೆ, ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರು ಬಂದಾಗ ಕೂರಿಸಿಕೊಂಡು ಕೇಳಿ. ನಿಮ್ಮ ಮನೆತನದ ಮೂಲ ಊರು, ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂಬುದು ಅವರ ಕಟ್ಟಿನಲ್ಲಿ, ಬಾಯಲ್ಲಿ ಇರುತ್ತದೆ. ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ, ಕಾಳುಕಡಿ ಕಾಣಿಕೆಯಲ್ಲಿ ಜಿಪುಣತನ ಬೇಡ, ಹೆಣ್ಣುಮಕ್ಕಳ ಹೆಸರೂ ಇದೆಯೇ ಎಂದು ಮರೆಯದೆ ವಿಚಾರಿಸಿ.

ಕೇಳುವಾಗ ಬಚ್ಚಿಟ್ಟ ಸಂಗತಿಗಳೂ ಹೊರಬರುತ್ತವೆ: ಸತ್ತುಹೋದ ಮೊದಲ ಹೆಂಡತಿ, ದತ್ತು ಬಂದ ಮಗು, ಆಸ್ತಿ ಜಗಳ. ಬರೆದಿಡಿ, ಆದರೆ ಬದುಕಿರುವವರಿಗೆ ಸಂಬಂಧಿಸಿದ್ದನ್ನು ಗುಂಪಿಗೆ ಹಾಕಬೇಡಿ.

ಗುರುತು ಸಿಗದೆ ಉಳಿದ ಮುಖಗಳನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ, ಕೆಳಗೆ ಎರಡು ಗೆರೆ ಖಾಲಿ ಬಿಟ್ಟು, ಮುಂದಿನ ಮದುವೆಗೋ ಮಹಾಲಯ ಅಮಾವಾಸ್ಯೆಗೋ ಒಯ್ಯಿರಿ. ಊಟದ ನಂತರ, ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಜಮಖಾನದ ಮೇಲೆ ಹರಡಿ. ಊಟಕ್ಕೆ ಮೊದಲಾದರೆ ಯಾರೂ ನಿಂತು ನೋಡುವುದಿಲ್ಲ. ಪೆನ್ಸಿಲು ನಾಲ್ಕೈದು ಇರಲಿ, ಒಂದೇ ಇದ್ದರೆ ಯಾರಾದರೂ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ.

ನಮಸ್ಕಾರ.