ಬೇರೆಯವರ ಹೆಸರಿನಲ್ಲಿ ಹಾರುವವರ ಸಂಘ

ನಮಸ್ಕಾರ. ಅಮೆರಿಕದಲ್ಲಿ ಡೆಲ್ಟಾ, ಯುನೈಟೆಡ್ ಅಥವಾ ಅಮೆರಿಕನ್ ಏರ್‌ಲೈನ್ಸ್‌ನ ಟಿಕೆಟ್ ಕೊಂಡು ಸಣ್ಣ ಊರಿಗೆ ಹೊರಟವರು ಅನೇಕ ಸಲ ಕೂರುವುದು ಸ್ಕೈವೆಸ್ಟ್, ರಿಪಬ್ಲಿಕ್‌ನಂತಹ ಬೇರೆಯೇ ಕಂಪನಿಯ ವಿಮಾನದಲ್ಲಿ. ಹೊರಮೈಯ ಬಣ್ಣ, ವೇಳಾಪಟ್ಟಿ, ಟಿಕೆಟ್ ದರ ಎಲ್ಲವೂ ದೊಡ್ಡ ಕಂಪನಿಯದು. ಪೈಲಟ್‌ಗಳಿಗೆ ಸಂಬಳ ಕೊಟ್ಟು ವಿಮಾನ ಹಾರಿಸುವ ಹೊಣೆ ಪ್ರಾದೇಶಿಕ ಕಂಪನಿಯದು. ಬಹುತೇಕ ಒಪ್ಪಂದಗಳಲ್ಲಿ ಈ ಹಾರಾಟಕ್ಕೆ ನಿಗದಿತ ಹಣ ಸಿಗುತ್ತದೆ, ಸೀಟುಗಳು ತುಂಬಲಿ, ಖಾಲಿ ಉಳಿಯಲಿ.

ಇಂತಹ ಕಂಪನಿಗಳ ಪರವಾಗಿ ವಾಷಿಂಗ್ಟನ್‌ನಲ್ಲಿ ಮಾತನಾಡುವುದು ರೀಜನಲ್ ಏರ್‌ಲೈನ್ ಅಸೋಸಿಯೇಷನ್. ಯುರೋಪಿನಲ್ಲೂ ಆಸ್ಟ್ರೇಲಿಯಾದಲ್ಲೂ ಇಂತಹ ಸಂಘಗಳಿವೆ. ಆದರೆ ಸದಸ್ಯರ ಗ್ರಾಹಕರು ಪ್ರಯಾಣಿಕರಲ್ಲ, ಬೆರಳೆಣಿಕೆಯ ದೊಡ್ಡ ಕಂಪನಿಗಳು ಎಂಬ ಸ್ಥಿತಿ ಅಮೆರಿಕದಲ್ಲಿ ಎದ್ದು ಕಾಣುತ್ತದೆ. ದರವನ್ನು ತಾವೇ ಏರಿಸಲಾಗದವರಿಗೆ ಕಾನೂನು ಹೇರುವ ಪ್ರತಿಯೊಂದು ಖರ್ಚೂ ಭಾರವೇ.

ಸಂಘದ ಅತಿ ದೊಡ್ಡ ವಾದ ಪೈಲಟ್‌ಗಳ ಅನುಭವದ ಕುರಿತದ್ದು. 2009ರ ಫೆಬ್ರವರಿಯಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್ ಹೆಸರಿನಲ್ಲಿ ಹಾರುತ್ತಿದ್ದ ಕೋಲ್ಗನ್ ಏರ್ ವಿಮಾನವು ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿ ಬಿದ್ದು, ನೆಲದ ಮೇಲಿದ್ದ ಒಬ್ಬರು ಸೇರಿ 50 ಜನ ಸತ್ತರು. ಮೃತರ ಕುಟುಂಬಗಳ ಪಟ್ಟುಬಿಡದ ಒತ್ತಾಯದಿಂದ 2010ರಲ್ಲಿ ಕಾನೂನು ಬಂತು. ಅದರ ಫಲವಾಗಿ, ಹಿಂದೆ 250 ಗಂಟೆಗಳ ಹಾರಾಟದ ನಂತರ ಸಹ ಪೈಲಟ್ ಆಗಬಹುದಾಗಿದ್ದವರಿಗೆ 2013ರಿಂದ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಕಡ್ಡಾಯವಾಯಿತು. ಪದವೀಧರರಿಗೂ ಸೇನೆಯಿಂದ ಬಂದವರಿಗೂ ಸ್ವಲ್ಪ ರಿಯಾಯಿತಿಯಿದೆ. ಬಿದ್ದ ವಿಮಾನದ ಇಬ್ಬರೂ ಪೈಲಟ್‌ಗಳು 1,500 ಗಂಟೆಗಳಿಗಿಂತ ಹೆಚ್ಚು ಹಾರಿದ್ದವರೇ ಆಗಿದ್ದರಿಂದ, ಗಂಟೆಗಳ ಲೆಕ್ಕಕ್ಕಿಂತ ಕ್ರಮಬದ್ಧ ತರಬೇತಿಗೆ ಹೆಚ್ಚು ಬೆಲೆ ಕೊಡಬೇಕೆಂದು ಸಂಘ ವಾದಿಸುತ್ತದೆ. ಈ ಮಾತಿನಲ್ಲಿ ಹುರುಳಿದೆ. ಆದರೂ ನಿಯಮ ಸಡಿಲಿಸಿದರೆ ಮೊದಲು ಲಾಭವಾಗುವುದು ಸಂಘದ ಸದಸ್ಯರಿಗೇ ಎಂಬುದನ್ನು ಮರೆಯುವಂತಿಲ್ಲ; ಕುಟುಂಬಗಳೂ ಪೈಲಟ್‌ಗಳ ಒಕ್ಕೂಟವೂ ಅದನ್ನೇ ಎತ್ತಿ ತೋರಿಸುತ್ತವೆ. ಈ ನಿಯಮದಿಂದ ಪೈಲಟ್‌ಗಳ ಕೊರತೆಯಾಗಿದೆ ಎಂದು ಸಂಘ ದೂರಿದರೆ, ಕೊರತೆ ಪೈಲಟ್‌ಗಳದ್ದಲ್ಲ, ಸಂಬಳದ್ದು ಎಂಬುದು ಒಕ್ಕೂಟದ ಉತ್ತರ. 2022ರಲ್ಲಿ ಹಲವು ಪ್ರಾದೇಶಿಕ ಕಂಪನಿಗಳು ಸಂಬಳವನ್ನು ಗಣನೀಯವಾಗಿ ಏರಿಸಿದವು ಕೂಡ.

ನಿವೃತ್ತಿ ವಯಸ್ಸನ್ನು 65ರಿಂದ 67ಕ್ಕೆ ಏರಿಸಬೇಕೆಂದು ಸಂಘ ಕೇಳಿದ್ದರ ಹಿಂದಿನ ಲೆಕ್ಕಾಚಾರವೂ ಇಲ್ಲೇ ಇದೆ. ದೊಡ್ಡ ಕಂಪನಿಯ ಹಿರಿಯರು ನಿವೃತ್ತರಾದಾಗ ಆ ಜಾಗ ತುಂಬಲು ಹೋಗುವವರಲ್ಲಿ ಅನೇಕರು ಪ್ರಾದೇಶಿಕ ಕಂಪನಿಗಳ ಕ್ಯಾಪ್ಟನ್‌ಗಳು. 2024ರ ವಿಮಾನಯಾನ ಕಾಯ್ದೆಯಲ್ಲಿ ಈ ಬೇಡಿಕೆಗೆ ಜಾಗ ಸಿಗಲಿಲ್ಲ.

ಸಂಸತ್ತಿನ ಬಾಗಿಲು ತಟ್ಟಿದರೂ ಬಗೆಹರಿಯದ ಒಂದು ವಿಷಯವಿದೆ. ದೊಡ್ಡ ಕಂಪನಿಗಳು ತಮ್ಮ ಪೈಲಟ್‌ಗಳ ಒಕ್ಕೂಟದೊಂದಿಗೆ ಮಾಡಿಕೊಂಡ ಒಪ್ಪಂದಗಳ ಪ್ರಕಾರ ಪ್ರಾದೇಶಿಕ ವಿಮಾನದಲ್ಲಿ ಸಾಮಾನ್ಯವಾಗಿ 76ಕ್ಕಿಂತ ಹೆಚ್ಚು ಸೀಟುಗಳಿರಬಾರದು, ತೂಕ 86,000 ಪೌಂಡ್, ಅಂದರೆ ಸುಮಾರು 39 ಟನ್ ಮೀರಬಾರದು. ಇದು ಕಾನೂನಲ್ಲ, ಇಬ್ಬರ ನಡುವಿನ ಕರಾರು. ಆ ಮಾತುಕತೆಯಲ್ಲಿ ಸಂಘವು ಪಕ್ಷಗಾರನೇ ಅಲ್ಲ. ಎಂಬ್ರೇಯರ್ ಕಂಪನಿಯ ಇ175-ಇ2 ಎಂಬ ಹೊಸ ಮಾದರಿ ಈ ತೂಕದ ಮಿತಿಯನ್ನು ದಾಟಿದ ಕಾರಣ, ಅಮೆರಿಕದ ಪ್ರಾದೇಶಿಕ ಕಂಪನಿಗಳು ಈಗಲೂ ಹಳೆಯ ಇ175 ಮಾದರಿಯನ್ನೇ ಹೊಸದಾಗಿ ಕೊಳ್ಳುತ್ತಿವೆ.